ಗಡಿಯವರು ಬಡಿಸಿದ ಊಟ

ಪ್ಯಾರಿಸ್ಸಿಗೆ ಹೋಗಿ ಬಂದೆವೆಂದು ತಿಳಿದೊಡನೆ ನಮ್ಮ ಕಡೆಯ ಜನ ಐಫೆಲ್ ಗೋಪುರದ ಎತ್ತರವನ್ನು ಕೇಳಲಿಲ್ಲ, “ಊಟಕ್ಕ ಏನ್ ಮಾಡಿದ್ರಿ?” ಎಂದೇ ಕೇಳಿದರು. ಜೋಳದ ಸೀಮೆಯವರ ದೃಷ್ಟಿಯಲ್ಲಿ ಪರದೇಶವೆಂದರೆ ರೊಟ್ಟಿ ಸಿಗದ ಜಾಗ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ದಂಪತಿಗಳು ನಾವು. ಉನ್ನತ ವ್ಯಾಸಂಗಕ್ಕೆಂದು ಪ್ಯಾರಿಸ್ಸಿನಲ್ಲಿರುವ ಮಗಳ ಬಳಿ ಐದು ವಾರ ಇದ್ದು ಬಂದೆವು. ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕರು ಕೇಳಿದಾಗ, ಚಿತ್ರಶಾಲೆಗಳ ವರ್ಣನೆಯನ್ನು ಬಲ್ಲವರಿಗೆ ಬಿಟ್ಟು, ಆ ನಗರದ ಹಳೆಯ ಊಟದ ಮನೆಗಳ ಕುರಿತು ಬರೆಯುವುದೆಂದು ನಿಶ್ಚಯಿಸಿದೆವು. ನಾಲಿಗೆಯ ಚಪಲವೊಂದೇ ಇದಕ್ಕೆ ಕಾರಣವಲ್ಲ. ಆ ರಾಜಧಾನಿಯು ತನ್ನ ಸಂಪ್ರದಾಯವೆಂದು ಇಂದು ಬಡಿಸುತ್ತಿರುವ ಊಟದ ಒಂದು ದೊಡ್ಡ ಭಾಗವನ್ನು ಅಲ್ಲಿಗೆ ಹೊತ್ತು ತಂದವರು ನಮ್ಮಂತೆಯೇ ಗಡಿಯ ಜನ. ಇದನ್ನು ತಿಳಿದ ಮೇಲೆ ಆ ಊಟದ ರುಚಿ ನಮಗೆ ಬೇರೆಯಾಯಿತು.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ನಮ್ಮಿಬ್ಬರಲ್ಲಿ ಒಬ್ಬರು ಕಟ್ಟಾ ಸಸ್ಯಾಹಾರಿಗಳು. ಇನ್ನೊಬ್ಬರ ಸಸ್ಯಾಹಾರವು ಮುಂಬಯಿಯ ವಿಮಾನ ನಿಲ್ದಾಣದವರೆಗೆ ಮಾತ್ರ. ಯಾರು ಯಾರೆಂಬುದನ್ನು, ಈ ಸಂಚಿಕೆ ನೆಂಟರಿಷ್ಟರ ಮನೆಗಳಿಗೂ ತಲುಪುವುದರಿಂದ, ಇಲ್ಲಿ ಬಯಲು ಮಾಡಲಾರೆವು.

ಫ್ರೆಂಚರ ಊಟಕ್ಕೆ ಒಂದು ನಡೆಯುಂಟು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅವರ ಯಾವುದೋ ಒಂದು ಖಾದ್ಯವನ್ನಲ್ಲ, ಊಟ ಮಾಡುವ ಆ ಕ್ರಮವನ್ನು: ಹಸಿವನ್ನು ಎಬ್ಬಿಸುವ ಪಾನೀಯ, ಮೊದಲ ಸರದಿಯ ಲಘು ಪದಾರ್ಥ, ಬಳಿಕ ಮೀನು ಇಲ್ಲವೆ ಮಾಂಸ ಮತ್ತು ತರಕಾರಿ, ಅದಾದ ಮೇಲೆ ಗಿಣ್ಣಿನಂತಹ ಚೀಸು, ಕೊನೆಗೆ ಸಿಹಿ. ಒಂದು ಮುಗಿಯದೆ ಇನ್ನೊಂದು ಬಾರದು. ತಾಟಿನ ತುಂಬ ರೊಟ್ಟಿ, ಪಲ್ಯ, ಬೇಳೆ, ಮೊಸರು, ಚಟ್ನಿ ಎಲ್ಲವನ್ನೂ ಒಮ್ಮೆಗೇ ಕಂಡರಲ್ಲದೆ ಊಟಕ್ಕೆ ಕುಳಿತೆವೆಂಬ ಭಾವವೇ ಮೂಡದ ನಮಗೆ ಇದು ಮೊದಮೊದಲು ಕಾಯಿಸುವ ಶಿಕ್ಷೆಯಂತೆ ತೋರಿತು. “ಅಪ್ಪಾ, ಎಲ್ಲಾ ಒಮ್ಮಿಗೇ ಕೇಳಬ್ಯಾಡ್ರಿ, ಒಂದಾದ ಮ್ಯಾಲ ಒಂದ್ ಬರ್ತಾವ,” ಎಂದು ಮಗಳು ಎರಡು ದಿನ ಎಚ್ಚರಿಸಬೇಕಾಯಿತು. ಆದರೆ ಈ ಸರದಿಯ ಪದ್ಧತಿ ಅಷ್ಟೇನೂ ಪುರಾತನವಲ್ಲ. ಒಂದು ಕಾಲಕ್ಕೆ ಫ್ರಾನ್ಸಿನ ಸಿರಿವಂತರ ಮೇಜಿನ ಮೇಲೆ ಹತ್ತಾರು ಪಾತ್ರೆಗಳನ್ನು ಒಟ್ಟಿಗೇ ಹರಡಿಡುತ್ತಿದ್ದರು. ಒಂದೊಂದಾಗಿ ತಂದು ಬಡಿಸುವ ರೀತಿಯು 19ನೆಯ ಶತಮಾನದಲ್ಲಿ ರಷ್ಯದ ಕಡೆಯಿಂದ ಬಂದು ನೆಲೆಯೂರಿತು. ಇಂದಿಗೂ ಅದಕ್ಕೆ ‘ರಷ್ಯನ್ನರ ಬಡಿಸುವಿಕೆ’ ಎಂದೇ ಹೆಸರು. ಅಂದರೆ ನಮ್ಮ ತಾಟು ಹಳೆಯ ಫ್ರೆಂಚ್ ರೀತಿಗೇ ಹತ್ತಿರವಾದುದು! ಮಗಳಿಗೆ ಇದನ್ನು ಹೇಳಿದೆವು; ಅವಳು ಒಪ್ಪಲಿಲ್ಲ.

ಸಂಪ್ರದಾಯವನ್ನು ಕಾಣಬೇಕೆನ್ನುವವರು ತಾರೆಗಳ ಬಿರುದು ಹೊತ್ತ ಭೋಜನಶಾಲೆಗಳಿಗೆ ಹೋಗಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಸೇನ್ ನದಿಯ ದಂಡೆಯ ‘ತೂರ್ ದಾರ್ಜಾಂ’ ಎಂಬಲ್ಲಿ ಬಾತುಕೋಳಿಯೊಂದನ್ನು ಬಡಿಸುವಾಗ ಅದರ ಕ್ರಮಸಂಖ್ಯೆಯನ್ನೂ ಅತಿಥಿಗೆ ಕೊಡುತ್ತಾರಂತೆ. ಆ ಎಣಿಕೆ 1890ರಿಂದ ನಡೆದಿದೆ. ನಿವೃತ್ತ ಶಿಕ್ಷಕರ ಪಿಂಚಣಿಗೆ ಆ ಎಣಿಕೆಯಲ್ಲಿ ಸೇರುವ ಯೋಗವಿಲ್ಲ. ನಾವು ಹುಡುಕಿದ್ದು ಖಾನಾವಳಿಯನ್ನು, ಮತ್ತು ಅದು ಸಿಕ್ಕಿತು.

ಅದರ ಹೆಸರು ‘ಬುಯೋಂ’. ಫ್ರೆಂಚಿನಲ್ಲಿ ಈ ಪದಕ್ಕೆ ಮಾಂಸ ಬೇಯಿಸಿದ ತಿಳಿಸಾರು ಎಂದರ್ಥ. ಸ್ವಾರಸ್ಯದ ಸಂಗತಿಯೆಂದರೆ, ಇಂದು ಜಗತ್ತೆಲ್ಲ ಬಳಸುವ ‘ರೆಸ್ಟೋರೆಂಟ್’ ಎಂಬ ಪದವೂ ಮೂಲತಃ ಸಾರಿನ ಹೆಸರೇ: ಬಳಲಿದವರಿಗೆ ಬಲವನ್ನು ಮರಳಿ ತುಂಬುವ ಸಾರು. 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಆ ಸಾರನ್ನು ಮಾರುತ್ತಿದ್ದ ಅಂಗಡಿಗೆ ಕ್ರಮೇಣ ಸಾರಿನ ಹೆಸರೇ ಅಂಟಿಕೊಂಡಿತು. 19ನೆಯ ಶತಮಾನದ ನಡುಭಾಗದಲ್ಲಿ ದ್ಯುವಾಲ್ ಎಂಬ ಮಾಂಸದ ವ್ಯಾಪಾರಿಯು, ನಗರದ ನಟ್ಟನಡುವಿನ ‘ಲೇ ಆಲ್’ ಸಗಟು ಮಾರುಕಟ್ಟೆಯ ದುಡಿಮೆಗಾರರಿಗಾಗಿ, ಬೇಯಿಸಿದ ಮಾಂಸ ಮತ್ತು ಬಿಸಿ ಸಾರು ಅಗ್ಗದಲ್ಲಿ ದೊರೆಯುವ ಊಟದ ಮನೆಯನ್ನು ತೆರೆದನು. ಅದು ಕೈಹಿಡಿಯಿತು, ನೋಡುನೋಡುತ್ತ ಊರ ತುಂಬ ಬುಯೋಂಗಳಾದವು. ಆಮೇಲೆ ಒಂದೊಂದಾಗಿ ಮುಚ್ಚಿದವು ಕೂಡ. ಉಳಿದವುಗಳಲ್ಲಿ ಹೆಸರಾದುದು ಫೋಬೂರ್ ಮೋಂಮಾರ್ತ್ರ್ ಬೀದಿಯ 7ನೆಯ ಸಂಖ್ಯೆಯ ‘ಶಾರ್ತಿಯೇ’. 1896ರಲ್ಲಿ ಶಾರ್ತಿಯೇ ಸೋದರರು ಕಟ್ಟಿದ್ದು. 1989ರಲ್ಲಿ ಸರ್ಕಾರವು ಅದನ್ನು ಐತಿಹಾಸಿಕ ಸ್ಮಾರಕವೆಂದು ಗುರುತಿಸಿದೆ.

ಬೀದಿಯಿಂದ ಒಂದು ಅಂಗಳವನ್ನು ದಾಟಿ ಒಳಹೊಕ್ಕರೆ ರೈಲು ನಿಲ್ದಾಣದಂತಹ ಎತ್ತರದ ಹಜಾರ. ಮೇಲೆ ಗಾಜಿನ ಸೂರು, ದುಂಡನೆಯ ದೀಪಗಳು, ಗೋಡೆಯುದ್ದಕ್ಕೂ ಕನ್ನಡಿಗಳು, ಟೊಪ್ಪಿಗೆ ಕೋಟುಗಳನ್ನಿಡಲು ಹಿತ್ತಾಳೆಯ ಅಡ್ಡಣಿಗೆಗಳು. ಒಂದು ಕಡೆ ಮರದ ಪುಟ್ಟ ಪುಟ್ಟ ಖಾನೆಗಳು, ಮೇಲೆ ಸಂಖ್ಯೆಗಳು. ನಿತ್ಯ ಊಟಕ್ಕೆ ಬರುವವರು ತಮ್ಮ ತಮ್ಮ ಕೈವಸ್ತ್ರವನ್ನು ಅಲ್ಲಿ ಮಡಿಸಿಟ್ಟು ಹೋಗುತ್ತಿದ್ದರಂತೆ. ಅದನ್ನು ಕಂಡು ನಮಗೆ ಗಿರಣಿಗಳ ಕಾಲದ ಸೊಲ್ಲಾಪುರ ನೆನಪಾಯಿತು. ಕೂಗಾಗುವ ಮುನ್ನ ಬಂದು, ತನ್ನ ಗೂಟಕ್ಕೆ ಅಂಗಿ ತೂಗುಹಾಕಿ, ತಿಂಗಳ ಲೆಕ್ಕದ ಮೇಲೆ ಕಟಕ ರೊಟ್ಟಿ, ಝುಣಕ, ಗಟ್ಟಿ ಮೊಸರು ಉಂಡು ಹೋಗುತ್ತಿದ್ದ ಕೂಲಿಕಾರರ ಖಾನಾವಳಿಗಳು. ಗಿರಣಿಗಳು ಹೋದವು, ಅವುಗಳ ಹಿಂದೆ ಆ ಖಾನಾವಳಿಗಳಲ್ಲಿ ಎಷ್ಟೋ ಹೋದವು. ಸ್ಮಾರಕವೆಂದು ಯಾರೂ ಅವನ್ನು ಗುರುತಿಸಲಿಲ್ಲ.

ಶಾರ್ತಿಯೇಯಲ್ಲಿ ಮೇಜು ಕಾಯ್ದಿರಿಸುವ ಗೋಜಿಲ್ಲ, ಸಾಲಿನಲ್ಲಿ ನಿಲ್ಲಬೇಕು. ನಾವು ಮೂವರಿದ್ದೆವು, ಮೇಜಿಗೆ ನಾಲ್ಕು ಕುರ್ಚಿ. ನಾಲ್ಕನೆಯದರಲ್ಲಿ ಒಬ್ಬ ವೃದ್ಧೆಯನ್ನು ತಂದು ಕೂರಿಸಿದರು. ಅಪರಿಚಿತರನ್ನು ಹೀಗೆ ಒಂದೇ ಮೇಜಿಗೆ ಸೇರಿಸುವುದು ಅಲ್ಲಿಯ ಹಳೆಯ ರೂಢಿ. ಆ ತಾಯಿ ನಮ್ಮತ್ತ ತಲೆಬಾಗಿ “ಬೋಂಜೂರ್” ಎಂದು, ಮೊಟ್ಟೆಯ ಮೇಲೆ ಮೇಯನೇಸ್ ಸುರಿದ ತಟ್ಟೆಯೊಂದನ್ನು ತರಿಸಿ, ತುಂಬ ನಿಧಾನವಾಗಿ ಉಂಡು, ಕೊನೆಗೆ ಬ್ರೆಡ್ಡಿನ ತುಣುಕಿನಿಂದ ತಟ್ಟೆಯನ್ನು ಕನ್ನಡಿಯಾಗುವಂತೆ ಒರೆಸಿದರು. ನಮ್ಮ ಹಿರಿಯರು ರೊಟ್ಟಿಯ ಚೂರಿನಿಂದ ತಾಟು ಒರೆಸುತ್ತಿದ್ದುದು ಹೀಗೆಯೇ. ಕಪ್ಪು ಅರೆದೋಳಿನ ಕೋಟು, ಬಿಳಿಯ ಉದ್ದ ಮುಂಗವಚ ತೊಟ್ಟ ಬಡಿಸುವಾತ ನಾವು ಹೇಳಿದ್ದನ್ನೆಲ್ಲ ಮೇಜಿನ ಮೇಲೆ ಹಾಸಿದ ಕಾಗದದ ಮೇಲೆಯೇ ಗೀಚಿಕೊಂಡ. ಕೊನೆಗೆ ಅಲ್ಲಿಯೇ ಕೂಡಿಸಿ ಮೊತ್ತ ಬರೆದ. ಗಣಿತ ಕಲಿಸಿದವರಾದ ನಾವು ತಲೆಕೆಳಗಾಗಿ ಓದಿ ತಾಳೆ ನೋಡಿದೆವು. ಲೆಕ್ಕ ಸರಿಯಾಗಿತ್ತು.

ಸಸ್ಯಾಹಾರಿಗಳಿಗೆ ಅಲ್ಲಿ ಏನು ಗತಿ? ಸಂಪ್ರದಾಯದ ಫ್ರೆಂಚ್ ಅಡುಗೆ ಅವರನ್ನು ಗಣನೆಗೆ ತೆಗೆದುಕೊಂಡು ಹುಟ್ಟಿದ್ದಲ್ಲ. ಹೆಸರುವಾಸಿಯಾದ ಈರುಳ್ಳಿಯ ಸೂಪು ಕೂಡ ಸಾಮಾನ್ಯವಾಗಿ ದನದ ಮೂಳೆಯ ಸಾರಿನಲ್ಲೇ ಆಗುತ್ತದೆ. ಹೆಸರು ಕೇಳಿ ಮೋಸಹೋಗಬಾರದು. ಎಷ್ಟೋ ಬಗೆಯ ಚೀಸುಗಳಿಗೆ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ದ್ರವ್ಯದಿಂದ. ಇದನ್ನೆಲ್ಲ ಬಿಟ್ಟು ನೋಡಿದರೂ ಮೊದಲ ಸರದಿಯಲ್ಲಿ ಬಹಳ ಇದೆ: ಹುಳಿ ಹಾಕಿದ ತುರಿದ ಗಜ್ಜರಿ, ಎಣ್ಣೆ ಮತ್ತು ವಿನೆಗರಿನಲ್ಲಿ ನೆನೆಸಿದ ಬೆಂದ ಲೀಕ್ ಎಂಬ ಈರುಳ್ಳಿಯ ಜಾತಿಯ ಕಾಂಡ, ಹಸಿರು ಮಸೂರ ಬೇಳೆಯ ಸಲಾಡು. ಇಂಥವನ್ನು ಎರಡು ಮೂರು ತರಿಸಿ, ಕರಿದ ಆಲೂಗಡ್ಡೆಯನ್ನೂ ಕೇಳಿ, ಬುಟ್ಟಿಯಲ್ಲಿ ಇಡುವ ಬ್ರೆಡ್ಡಿನೊಡನೆ ಉಂಡರೆ ಹೊಟ್ಟೆ ತುಂಬುತ್ತದೆ. ನಮ್ಮಲ್ಲಿಯ ಸಸ್ಯಾಹಾರಿಗಳು ಐದು ವಾರ ಹೀಗೆಯೇ ಸುಖವಾಗಿದ್ದರು. ಇನ್ನೊಬ್ಬರು ಬೂರ್ಗೋಞ್ ಸೀಮೆಯ ಕೆಂಪು ದ್ರಾಕ್ಷಾರಸದಲ್ಲಿ ಗಂಟೆಗಟ್ಟಲೆ ಬೆಂದ ಮಾಂಸದ ಕುರಿತು ಒಂದು ಪುಟ ಬರೆಯಬಯಸಿದ್ದರು. ಮೇಲೆ ಹೇಳಿದ ಕಾರಣಕ್ಕೆ ಅದನ್ನು ಕೈಬಿಡಲಾಗಿದೆ.

ಇನ್ನು ನಾವು ಬರೆಯಲೇಬೇಕೆಂದುಕೊಂಡ ವಿಷಯಕ್ಕೆ ಬರುತ್ತೇವೆ. ಪ್ಯಾರಿಸ್ಸಿನಲ್ಲಿ ಬುಯೋಂನಷ್ಟೇ ಪ್ರಸಿದ್ಧವಾದ ಇನ್ನೊಂದು ಬಗೆಯ ಊಟದ ಮನೆ ‘ಬ್ರಾಸ್ಸರಿ’. ಪದದ ಅರ್ಥ ಬಿಯರ್ ತಯಾರಿಸುವ ಜಾಗ. ಬಾಸ್ತೀಯ್ ಚೌಕದ ಮಗ್ಗುಲಲ್ಲಿರುವ ‘ಬೋಫಿಂಜೆ’ಯನ್ನು 1864ರಲ್ಲಿ ತೆರೆದವನು ಫ್ರಾನ್ಸಿನ ಪೂರ್ವದ ಅಂಚಿನ, ಜರ್ಮನಿಗೆ ತಾಗಿದ ಅಲ್ಸಾಸ್ ಪ್ರಾಂತದವನು. ಒಳಗೆ ಬಣ್ಣದ ಗಾಜಿನ ದೊಡ್ಡ ಗುಮ್ಮಟ. ಮೇಲಂತಸ್ತಿನ ಕೋಣೆಯಲ್ಲಿ ಅದೇ ಪ್ರಾಂತದ ಹಾನ್ಸಿ ಎಂಬ ಚಿತ್ರಕಾರ ಬರೆದ ತನ್ನ ನಾಡಿನ ಚಿತ್ರಗಳು. ಅಲ್ಲಿ ಎಲ್ಲರೂ ತರಿಸುವ ಖಾದ್ಯ ‘ಶುಕ್ರೂತ್’: ಸಣ್ಣಗೆ ಹೆಚ್ಚಿದ ಎಲೆಕೋಸನ್ನು ಉಪ್ಪು ಹಾಕಿ ವಾರಗಟ್ಟಲೆ ಹುಳಿಯಿಸಿ, ಬಿಳಿಯ ದ್ರಾಕ್ಷಾರಸದಲ್ಲಿ ಬೇಯಿಸಿ, ಮೇಲೆ ಹಂದಿಮಾಂಸದ ಬಗೆಬಗೆಯ ತುಂಡುಗಳನ್ನು ಒಟ್ಟಿ ತರುತ್ತಾರೆ. ಪ್ಯಾರಿಸ್ಸಿನ ಸಾಂಪ್ರದಾಯಿಕ ಊಟ ಯಾವುದೆಂದು ಯಾವ ಪ್ರವಾಸ ಕೈಪಿಡಿಯನ್ನು ತೆರೆದು ನೋಡಿದರೂ ಇದು ಇದ್ದೇ ಇರುತ್ತದೆ. ಆದರೆ ಇದು ಪ್ಯಾರಿಸ್ಸಿನದಲ್ಲ.

1870ರ ಯುದ್ಧದಲ್ಲಿ ಸೋತ ಫ್ರಾನ್ಸು 1871ರಲ್ಲಿ ಅಲ್ಸಾಸನ್ನು ಜರ್ಮನಿಗೆ ಬಿಟ್ಟುಕೊಟ್ಟಿತು. ಫ್ರೆಂಚ್ ಪ್ರಜೆಗಳಾಗಿಯೇ ಉಳಿಯಬಯಸುವವರು 1872ರ ಅಕ್ಟೋಬರಿನೊಳಗೆ ಊರು ಬಿಡಬೇಕೆಂದು ಗಡುವು ವಿಧಿಸಲಾಯಿತು. ಮನೆ ಹೊಲ ಬಿಟ್ಟು ಬಂದವರಲ್ಲಿ ಬಹುಜನ ಪ್ಯಾರಿಸ್ಸನ್ನು ಸೇರಿದರು. ತಮಗೆ ಗೊತ್ತಿದ್ದ ಕೆಲಸವನ್ನು, ಬಿಯರು ಮತ್ತು ಹುಳಿಕೋಸಿನ ವ್ಯಾಪಾರವನ್ನು, ಹೂಡಿದರು. ನಗರದಲ್ಲಿ ಬ್ರಾಸ್ಸರಿಗಳು ಹೆಚ್ಚಿದ್ದು ಹೀಗೆ. ನಮ್ಮಲ್ಲಿ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ‘ದಿ ಲಾಸ್ಟ್ ಲೆಸನ್’ ಎಂಬ ಕತೆಯನ್ನು ಓದಿದವರಿಗೆ ಈ ಸಂದರ್ಭ ನೆನಪಿರಬಹುದು. ಅಲ್ಫೋನ್ಸ್ ದೋದೆ ಅದನ್ನು ಬರೆದದ್ದು ಆ ದಿನಗಳಲ್ಲಿಯೇ. ಊರಿನಲ್ಲಿ ಇನ್ನು ಮುಂದೆ ಫ್ರೆಂಚ್ ಪಾಠವಿಲ್ಲವೆಂದು ಮಾಸ್ತರು ಕಣ್ಣೀರಿಡುವ ಕತೆ. ಶಿಕ್ಷಕರಾದ ನಾವು ಅದನ್ನು ಓದಿದಾಗಲೆಲ್ಲ ಗದ್ಗದಿತರಾಗಿದ್ದೇವೆ. ಆದರೆ ಕತೆಯಲ್ಲಿ ಬಾರದ ಒಂದು ಸಂಗತಿ ಇದೆ: ಅಲ್ಸಾಸಿನ ಬಹುತೇಕ ಮನೆಗಳ ಮಾತು ಫ್ರೆಂಚೂ ಅಲ್ಲ, ಶಾಲೆಯಲ್ಲಿ ಕಲಿಸುವ ಜರ್ಮನ್ನೂ ಅಲ್ಲ, ಜರ್ಮನ್ ಕುಲಕ್ಕೆ ಸೇರಿದ ಅಲ್ಸೇಶಿಯನ್ ಎಂಬ ತಮ್ಮದೇ ನುಡಿ. ಆ ನಾಡು 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿಯುವ ಹೊತ್ತಿಗೆ ಪುನಃ ಫ್ರಾನ್ಸಿಗೆ ಸೇರಿತು. ನಮ್ಮ ತಂದೆಯವರು ಹೊಸ್ತಿಲು ದಾಟದೆಯೇ ಅಕ್ಕಲಕೋಟೆ ಸಂಸ್ಥಾನದ ಪ್ರಜೆಯಾಗಿ, 1948ರಲ್ಲಿ ಮುಂಬಯಿ ಪ್ರಾಂತದವರಾಗಿ, 1960ರಲ್ಲಿ ಮಹಾರಾಷ್ಟ್ರದವರಾದರು. ಅವರಿಗೆ ಗಡುವೂ ಇರಲಿಲ್ಲ, ಗುಂಡೂ ಇರಲಿಲ್ಲ; ನಮ್ಮ ಪಾಡನ್ನು ಅವರದರ ಸಮಕ್ಕೆ ಇಟ್ಟು ತೂಗುವುದು ತರವಲ್ಲ. ಆದರೂ ಮಾತು ಒಂದು, ಕಾಗದ ಪತ್ರ ಇನ್ನೊಂದು ಆಗಿರುವ ಬದುಕು ಹೇಗಿರುತ್ತದೆಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಬೋಫಿಂಜೆಗೆ ನಮ್ಮೊಡನೆ ಮಗಳ ಸಹಪಾಠಿಯೊಬ್ಬ ಬಂದಿದ್ದ. ಸ್ತ್ರಾಸ್‌ಬೂರ್ಗಿನವನು, ಅಂದರೆ ಅಲ್ಸಾಸಿನ ಮುಖ್ಯ ಪಟ್ಟಣದವನು. ಶುಕ್ರೂತ್ ಎಂಬ ಹೆಸರಿನ ಗುಟ್ಟನ್ನು ಹೇಳಿದವನು ಅವನೇ. ಅವರ ನುಡಿಯಲ್ಲಿ ಅದು ‘ಸೂರ್‌ಕ್ರೂತ್’. ಸೂರ್ ಎಂದರೆ ಹುಳಿ, ಕ್ರೂತ್ ಎಂದರೆ ಕೋಸು. ಫ್ರೆಂಚರ ಕಿವಿಗೆ ಅದು ‘ಶೂ’ ಮತ್ತು ‘ಕ್ರೂತ್’ ಎಂದು ಕೇಳಿಸಿತು; ಅವರ ಭಾಷೆಯಲ್ಲಿ ಶೂ ಎಂದರೆ ಕೋಸು, ಕ್ರೂತ್ ಎಂದರೆ ರೊಟ್ಟಿಯ ಗಟ್ಟಿ ಸಿಪ್ಪೆ. ಹುಳಿ ಇದ್ದಲ್ಲಿ ಕೋಸು ಬಂತು, ಕೋಸು ಇದ್ದಲ್ಲಿ ಸಿಪ್ಪೆ ಬಂತು. ಸದ್ದು ಉಳಿಯಿತು, ಅರ್ಥ ಜಾರಿಹೋಯಿತು. ಎಲ್ಲರೂ ನಕ್ಕೆವು. “ನಿಮ್ಮ ಮನೆಯಲ್ಲಿ ಆ ನುಡಿಯನ್ನು ಆಡುತ್ತೀರಾ?” ಎಂದು ಕೇಳಿದೆವು. ಎರಡನೆಯ ಮಹಾಯುದ್ಧದ ನಂತರ ಶಾಲೆಗಳಲ್ಲಿ ಅದನ್ನು ಆಡಗೊಡುತ್ತಿರಲಿಲ್ಲವೆಂದೂ, ಹಾಗೆ ಬೆಳೆದ ತಂದೆತಾಯಿಗಳು ಮಕ್ಕಳೊಡನೆ ಫ್ರೆಂಚನ್ನೇ ಆಡಿದರೆಂದೂ ಅವನು ಹೇಳಿದ. ಅಜ್ಜಿ ಮಾತಾಡಿದರೆ ಅವನಿಗೆ ಎಲ್ಲ ತಿಳಿಯುತ್ತದೆ. ಅವನ ಉತ್ತರ ಮಾತ್ರ ಫ್ರೆಂಚಿನಲ್ಲಿಯೇ ಬರುತ್ತದೆ.

ಮಗಳು ಇದನ್ನು ಕನ್ನಡಕ್ಕೆ ತರುತ್ತಿದ್ದವಳು ಆ ವಾಕ್ಯದ ಬಳಿ ಒಂದು ಗಳಿಗೆ ತಡೆದಳು. ಪುಣೆಯಲ್ಲಿರುವ ನಮ್ಮ ಮೊಮ್ಮಗ, ಅವಳ ಅಣ್ಣನ ಮಗ, ದೂರವಾಣಿಯಲ್ಲಿ ನಮ್ಮ ಕನ್ನಡಕ್ಕೆಲ್ಲ ಮರಾಠಿಯಲ್ಲಿ ಉತ್ತರಿಸುತ್ತಾನೆ. ಒಳ್ಳೆಯ ಹುಡುಗ, ಒಂದು ಮಾತೂ ಅವನಿಗೆ ತಿಳಿಯದೆ ಹೋಗುವುದಿಲ್ಲ. ಅವನ ಮರಾಠಿ ನಮಗೂ ಪ್ರಿಯವೇ, ಅದೂ ನಮ್ಮ ಊರಿನ ಮಾತೇ. ಆದರೆ ಅವನ ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಲು ನಾವಿರುವುದಿಲ್ಲ. ನಾವಿಬ್ಬರೂ ಆಮೇಲೆ ಕೆಲಹೊತ್ತು ಏನನ್ನೂ ಆಡದೆ ಉಂಡೆವು. ಆ ಹುಡುಗನೂ ಉಣ್ಣುತ್ತಿದ್ದ; ತನ್ನ ಅಜ್ಜಿ ಮಾಡುವ ಕೋಸು ಇದಕ್ಕಿಂತ ಹುಳಿ ಎಂದ.

ಸಾಹಿತ್ಯ ಸಮ್ಮೇಳನದ ಓದುಗರಿಗೆ ಒಪ್ಪುವ ಇನ್ನೆರಡು ಮನೆಗಳಿವೆ. ಸೇಂಟ್ ಜೆರ್ಮೇನ್ ಹೆದ್ದಾರಿಯ ‘ಲಿಪ್’ ಬ್ರಾಸ್ಸರಿ 1880ರದು; ಕಟ್ಟಿದವನು ಅಲ್ಸಾಸಿನ ಲೆಯೊನಾರ್ ಲಿಪ್. ಮೊದಲು ಇಟ್ಟ ಹೆಸರು ‘ರೈನ್ ದಂಡೆಯ ಬ್ರಾಸ್ಸರಿ’, ಅಂದರೆ ತಾನು ಬಿಟ್ಟು ಬಂದ ನದಿಯ ಹೆಸರು. 1920ರಲ್ಲಿ ಅದನ್ನು ಕೊಂಡ ಮಾರ್ಸೆಲಾಂ ಕಾಜ್ ದಕ್ಷಿಣದ ಗುಡ್ಡಗಾಡಿನ ಅವೇರೋಂ ಸೀಮೆಯವನು. ಆ ಸೀಮೆಯವರೂ ಅದಕ್ಕೆ ಹೊಂದಿದ ಓವೆರ್ನ್ಯದವರೂ ನೀರು ಹೊತ್ತು, ಇದ್ದಿಲು ಮಾರಿ, ಇದ್ದಿಲಿನ ಅಂಗಡಿಯ ಮೂಲೆಯಲ್ಲೇ ಮದ್ಯ ಮಾರತೊಡಗಿ, ಕೊನೆಗೆ ನಗರದ ಕೆಫೆಗಳ ಒಡೆಯರಾದ ಜನ. ಕಾಜ್ 1935ರಲ್ಲಿ ಒಂದು ಸಾಹಿತ್ಯ ಬಹುಮಾನವನ್ನೂ ಸ್ಥಾಪಿಸಿದನು. ಇನ್ನೊಂದು ಮನೆ ‘ದ್ರುಆಂ’. ಇದೂ 1880ರದು, ಇದರ ಸ್ಥಾಪಕನೂ ಅಲ್ಸಾಸಿನವನೇ. ಫ್ರಾನ್ಸಿನ ಅತ್ಯಂತ ಗೌರವದ ಗೊಂಕೂರ್ ಪ್ರಶಸ್ತಿಯ ತೀರ್ಪುಗಾರರು 1914ರಿಂದ ಇಲ್ಲಿಯೇ ಕೂಡುತ್ತಾರೆ. ಒಬ್ಬೊಬ್ಬರ ಚಮಚ ಮುಳ್ಳುಗಳ ಮೇಲೆ ಅವರವರ ಹೆಸರು ಕೊರೆದಿದೆ. ಪ್ರಶಸ್ತಿಯ ಮೊತ್ತ ಕೇವಲ 10 ಯೂರೋ. ನಮ್ಮ ಸಮ್ಮೇಳನಗಳಲ್ಲಿ ಗೋಷ್ಠಿಗಿಂತ ಊಟದ ಪೆಂಡಾಲಿನಲ್ಲಿ ಹೆಚ್ಚು ಜನವೆಂದು ಪತ್ರಿಕೆಗಳು ಪ್ರತಿ ವರ್ಷವೂ ಗೇಲಿ ಮಾಡುತ್ತವೆ. ಉಣ್ಣುತ್ತಲೇ ಸಾಹಿತ್ಯವನ್ನು ತೀರ್ಮಾನಿಸುವ ಜನ ಅಲ್ಲಿಯೂ ಇದ್ದಾರೆಂದು ಇನ್ನು ಮೇಲೆ ಧೈರ್ಯವಾಗಿ ಹೇಳಬಹುದು.

‘ಪ್ರೊಕೋಪ್’ 1686ರಷ್ಟು ಹಿಂದಿನದು, ವೋಲ್ತೇರ್ ಬರುತ್ತಿದ್ದ ಜಾಗ. ತೆರೆದವನು ಇಟಲಿಯ ಸಿಸಿಲಿಯಿಂದ ಬಂದವನು. ಹೊರಗಿನ ಫಲಕ ನೋಡಿ ಮುಂದೆ ನಡೆದೆವು. ಮೋಂಪರ್ನಾಸ್ಸಿನ ‘ಕೂಪೋಲ್’ 1927ರದು. ಅಂದಿನಿಂದ ಅಲ್ಲಿಯ ಪಟ್ಟಿಯಲ್ಲಿ ‘ಇಂಡಿಯಾದ ರೀತಿಯ’ ಕುರಿಮರಿಯ ಕರಿ ಇದೆ. ನಮ್ಮಲ್ಲಿಯ ಮಾಂಸಾಹಾರಿಗಳು ಅದನ್ನು ತರಿಸಿ, ಒಂದು ತುತ್ತು ತಿಂದು, ಇಂಡಿಯಾ ಬಹಳ ದೊಡ್ಡ ದೇಶವೆಂದಷ್ಟೇ ಹೇಳಿದರು.

ಹೋಗುವವರಿಗೆ ಕೆಲವು ವ್ಯವಹಾರದ ಮಾತುಗಳು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಆಮೇಲೆ ಎಷ್ಟೋ ಕಡೆ ಒಲೆ ಆರುತ್ತದೆ, ರಾತ್ರಿ ಏಳು ಏಳೂವರೆಯವರೆಗೆ ಹತ್ತುವುದಿಲ್ಲ. ಒಳಹೊಕ್ಕೊಡನೆ “ಬೋಂಜೂರ್” ಎನ್ನದವರನ್ನು ಒರಟರೆಂದು ತಿಳಿಯುತ್ತಾರೆ. “ಯೂನ್ ಕರಾಫ್ ದೋ” ಎಂದರೆ ಹೂಜಿಯಲ್ಲಿ ನಲ್ಲಿಯ ನೀರು, ಅದಕ್ಕೆ ದುಡ್ಡಿಲ್ಲ. ಬರೀ ನೀರು ಎಂದರೆ ಸೀಸೆ ಬಂದೀತು. ಬಿಲ್ಲನ್ನು ನಾವಾಗಿ ಕೇಳದ ಹೊರತು ತರುವುದಿಲ್ಲ, ಅದು ಅಸಡ್ಡೆಯಲ್ಲ, ಎಬ್ಬಿಸಬಾರದೆಂಬ ಮರ್ಯಾದೆ. ಬಡಿಸಿದವರ ಪಾಲು ಬಿಲ್ಲಿನಲ್ಲೇ ಸೇರಿರುತ್ತದೆ. ಪಾತ್ರೆಯೊಂದರ ಮೇಲೆ ಮನೆಯ ಸೂರಿನಂತಹ ಮುಚ್ಚಳವಿರುವ ಚಿಹ್ನೆ ಕಂಡರೆ ಆ ಅಡುಗೆ ಅಲ್ಲಿಯೇ ಮಾಡಿದ್ದೆಂದು ತಿಳಿಯಬೇಕು. ಕಾರ್ಖಾನೆಯಲ್ಲಿ ಮಾಡಿದ್ದನ್ನು ಬಿಸಿಮಾಡಿ ಬಡಿಸುವ ಚಾಳಿ ಅಲ್ಲಿಯೂ ಹಬ್ಬಿದ್ದರಿಂದ 2014ರಲ್ಲಿ ಈ ನಿಯಮ ತಂದರು.

ನಾವು ಊರಿನಿಂದ ಒಯ್ದಿದ್ದ ಬುತ್ತಿಯಲ್ಲಿ ಕುಟ್ಟಿದ ಶೇಂಗಾ ಹಿಂಡಿಯ ಒಂದು ದೊಡ್ಡ ಡಬ್ಬಿಯಿತ್ತು. ಪುಣೆ ಮುಂಬಯಿಗಳ ಅಂಗಡಿಗಳಲ್ಲಿ ಇದು ‘ಸೋಲಾಪುರಿ ಚಟಣಿ’ ಎಂದು ಮಾರಾಟವಾಗುತ್ತದೆ, ಅಲ್ಲಿಯವರು ಬಾಯಿ ಚಪ್ಪರಿಸುತ್ತಾರೆ. ‘ಹಿಂಡಿ’ ಎಂಬ ಪದ ಮಾತ್ರ ಅದರೊಡನೆ ರೈಲು ಹತ್ತಲಿಲ್ಲ. ಎಲ್ಲ ಪದಗಳ ಹಣೆಬರಹ ಹಾಗಲ್ಲ; ಮರಾಠಿಯ ‘ತೂಪ್’ ನಮ್ಮ ತುಪ್ಪವೇ, ‘ಅಡಕಿತ್ತಾ’ ನಮ್ಮ ಅಡಕತ್ತರಿಯ ಬಳಗವೇ ಎಂದು ವಿದ್ವಾಂಸರು ಹೇಳುತ್ತಾರೆ. ನಾವು ಹೊರಡುವ ಹಿಂದಿನ ಸಂಜೆ ಮಗಳು ಗೆಳೆಯರನ್ನು ಊಟಕ್ಕೆ ಕರೆದಳು. ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಹಿಂಡಿ ಉದುರಿಸಿ ಕೊಟ್ಟೆವು. ಸ್ತ್ರಾಸ್‌ಬೂರ್ಗಿನ ಹುಡುಗ ಕಣ್ಣಲ್ಲಿ ನೀರು ತಂದುಕೊಂಡು ಮೂರನೆಯ ಸಲ ಕೈಚಾಚಿ, ಇದರ ಹೆಸರು ಬರೆದುಕೊಡಿ ಎಂದ. ಮಗಳು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಕೆಳಗೆ ಅವರ ಲಿಪಿಯಲ್ಲಿಯೂ ಬರೆದು ಡಬ್ಬಿಗೆ ಅಂಟಿಸಿದಳು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರಾಗಿ ಜೋರಾಗಿ ಓದಿದರು. ಫ್ರೆಂಚರ ನಾಲಿಗೆಗೆ ಹಕಾರ ದಕ್ಕುವುದಿಲ್ಲ. “ಇಂಡಿ, ಇಂಡಿ” ಎಂದರು. ಇಂಡಿ ಎಂಬುದು ಭೀಮೆಯ ಆಚೆ ದಂಡೆಯ, ನಿಂಬೆಗೆ ಹೆಸರಾದ ನಮ್ಮ ನೆರೆಯ ತಾಲ್ಲೂಕೆಂದು ಅವರಿಗೆ ನಕಾಶೆ ತೆರೆದು ತೋರಿಸುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು.